ಇ-ರೀಡರ್‌ಗೆ ಪುಸ್ತಕ ತುಂಬುವ ದಾರಿಗಳು: ಎಲ್ಲಿಂದ ಬಂದ ಪುಸ್ತಕಕ್ಕೆ ಯಾವುದು ಸರಿ?

ಕೇಬಲ್ ಹಾಕಿ ನಕಲಿಸುವುದು ಒಳ್ಳೆಯದೋ, ಇಮೇಲ್‌ನಲ್ಲಿ ಕಳಿಸುವುದು ಒಳ್ಳೆಯದೋ? ಇ-ರೀಡರ್ ಕೈಗೆ ಬಂದ ಮೊದಲ ವಾರದಲ್ಲೇ ಈ ಪ್ರಶ್ನೆ ಏಳುತ್ತದೆ. ಉತ್ತರವನ್ನು ನಾವು ಸಾಧನದಲ್ಲಿ ಹುಡುಕುತ್ತೇವೆ: ಕಿಂಡಲ್ ಆದರೆ ಹೀಗೆ, ಕೋಬೊ ಆದರೆ ಹಾಗೆ. ಅದು ಅರ್ಧ ಉತ್ತರ. ಇನ್ನರ್ಧ ಪುಸ್ತಕ ಎಲ್ಲಿಂದ ಬಂತು ಎಂಬುದರಲ್ಲಿದೆ. ಉಚಿತ ಗ್ರಂಥಾಲಯದಿಂದ ಇಳಿಸಿದ ಕಾದಂಬರಿ, ಅಂಗಡಿಯಲ್ಲಿ ಕೊಂಡ, ನಕಲು ತಡೆಯುವ ಬೀಗ ಹಾಕಿದ ಪುಸ್ತಕ, ಸ್ಕ್ಯಾನ್ ಮಾಡಿದ ಹಳೆಯ ಪಿಡಿಎಫ್, ಈ ಮೂರೂ ಒಂದೇ ಕಿಂಡಲ್‌ಗೆ ಹೋಗಬೇಕಾದರೂ ಮೂರು ಬೇರೆ ದಾರಿ ಹಿಡಿಯುತ್ತವೆ. ಮೂರನೆಯದು ಕೆಲವೊಮ್ಮೆ ಹೋಗಲೇಬಾರದು.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇವೆ:

- ಬೀಗವಿಲ್ಲದ ಇಪಬ್ (ಇ-ಪುಸ್ತಕದ ಸಾಮಾನ್ಯ ಕಡತ ರೂಪ), ಕಿಂಡಲ್ ಇದೆ, ವಾರಕ್ಕೆ ಒಂದೆರಡು ಪುಸ್ತಕ: ಅಮೆಜಾನ್‌ನ ಸೆಂಡ್ ಟು ಕಿಂಡಲ್ ಸೇವೆ.
- ಬೀಗವಿಲ್ಲದ ಇಪಬ್, ನೂರಾರು ಪುಸ್ತಕ, ಯಾವ ಸಾಧನವಾದರೂ ಸರಿ: ಕ್ಯಾಲಿಬರ್ (ಇ-ಪುಸ್ತಕ ನಿರ್ವಹಿಸುವ ಉಚಿತ ತಂತ್ರಾಂಶ) ಮತ್ತು ಕೇಬಲ್.
- ಎಸಿಎಸ್‌ಎಂ ಕಡತ (ಪುಸ್ತಕ ಪಡೆಯುವ ಚೀಟಿ) ಬಂದಿದೆ: ಅಡೋಬಿ ಡಿಜಿಟಲ್ ಎಡಿಷನ್ಸ್ ತಂತ್ರಾಂಶ. ಕಿಂಡಲ್‌ಗೆ ಇದು ಹೋಗುವುದಿಲ್ಲ.
- ಎ4 ಗಾತ್ರದ ಪಿಡಿಎಫ್: ಸಾಗಿಸುವ ಮುನ್ನ ಪರದೆಯ ಅಳತೆ ನೋಡಿ.
- ಕನ್ನಡ ಪುಸ್ತಕ: ಒಂದು ಪುಟದ ಪರೀಕ್ಷೆ ಮೊದಲು, ಉಳಿದದ್ದು ಆಮೇಲೆ.

ಕಡತವನ್ನು ಗುರುತಿಸುವುದು

ಕಂಪ್ಯೂಟರಿನಲ್ಲಿ ಕಡತದ ಹೆಸರಿನ ಕೊನೆಯ ಭಾಗ, ಅಂದರೆ ಎಕ್ಸ್‌ಟೆನ್ಷನ್, ಕಾಣುವಂತೆ ಮಾಡಿಕೊಳ್ಳಿ. ವಿಂಡೋಸ್‌ನಲ್ಲಿ ಅದು ಮರೆಯಾಗಿಯೇ ಇರುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಆನ್ ಮಾಡಬೇಕು. ಹೆಸರು ಇಪಬ್ ಎಂದು ಮುಗಿದರೆ ಅದು ಪುಸ್ತಕ. ಎಸಿಎಸ್‌ಎಂ ಎಂದು ಮುಗಿದರೆ ಅದು ಪುಸ್ತಕವಲ್ಲ, ಪುಸ್ತಕವನ್ನು ಪಡೆಯುವ ಚೀಟಿ. ಗಾತ್ರ ನೋಡಿದರೇ ತಿಳಿಯುತ್ತದೆ: ಕೆಲವೇ ಕಿಲೋಬೈಟ್. ಈ ಚೀಟಿಯನ್ನೇ ರೀಡರ್‌ಗೆ ನಕಲಿಸಿ ಪುಸ್ತಕ ತೆರೆಯುತ್ತಿಲ್ಲವೆಂದು ತಲೆಕೆಡಿಸಿಕೊಳ್ಳುವವರು ಬಹಳ ಮಂದಿ.

ಇನ್ನು ಬೀಗ, ಅಂದರೆ ಡಿಆರ್‌ಎಂ. ಅದು ಹೆಸರಿನಲ್ಲಿ ಕಾಣದು. ಇಪಬ್ ಎಂದೇ ಹೆಸರಿರುವ ಕಡತದಲ್ಲೂ ಅಡೋಬಿಯ ಬೀಗ ಇರಬಹುದು. ಕ್ಯಾಲಿಬರ್‌ನಲ್ಲಿ ತೆರೆಯಲು ಅಥವಾ ಪರಿವರ್ತಿಸಲು ಹೋದಾಗ ಡಿಆರ್‌ಎಂ ಎಂದು ತಡೆದರೆ ಗೊತ್ತಾಯಿತು. ಕ್ಯಾಲಿಬರ್ ಆ ಬೀಗ ತೆಗೆಯುವುದಿಲ್ಲ, ಬೀಗ ಇರುವ ತನಕ ರೂಪ ಬದಲಿಸುವುದೂ ಇಲ್ಲ. ಆದ್ದರಿಂದ ಹಣ ಕೊಡುವ ಮೊದಲೇ ನೋಡಬೇಕಾದ ಸಂಗತಿ ಇದು. ಆಪಲ್ ಬುಕ್ಸ್‌ನಲ್ಲಿ ಕೊಂಡ ಬೀಗದ ಪುಸ್ತಕ ಆಪಲ್ ಸಾಧನಗಳಲ್ಲೇ ಉಳಿಯುತ್ತದೆ, ಯಾವ ಇ-ಇಂಕ್ ರೀಡರ್‌ಗೂ ಬರುವುದಿಲ್ಲ. ಗೂಗಲ್ ಪ್ಲೇ ಬುಕ್ಸ್ ಮತ್ತು ಕೋಬೊ ಅಂಗಡಿಗಳಲ್ಲಿ ಪ್ರಕಾಶಕರು ಬೀಗ ಬೇಡವೆಂದಿದ್ದರೆ ನೇರ ಇಪಬ್ ಸಿಗುತ್ತದೆ, ಇಲ್ಲವಾದರೆ ಎಸಿಎಸ್‌ಎಂ. ಕಿಂಡಲ್ ಅಂಗಡಿಯ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಸಾಗಿಸುವ ಆಯ್ಕೆಯನ್ನು ಅಮೆಜಾನ್ 2025ರ ಫೆಬ್ರವರಿ 26ರಂದು ತೆಗೆದುಹಾಕಿತು. ಅದಕ್ಕೂ ಹಿಂದೆ ಬರೆದ ಮಾರ್ಗದರ್ಶಿಗಳಲ್ಲಿ ಆ ಹಂತ ಇನ್ನೂ ಇದೆ, ಹುಡುಕುತ್ತ ಕೂರಬೇಡಿ.

ಉಚಿತ ಮೂಲಗಳಲ್ಲಿ ಬೀಗದ ತಲೆನೋವಿಲ್ಲ, ಆದರೆ ಯಾವ ಕೊಂಡಿ ಒತ್ತಬೇಕು ಎಂಬುದಿದೆ. 1971ರಲ್ಲಿ ಮೈಕಲ್ ಹಾರ್ಟ್ ಶುರುಮಾಡಿದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಒಂದೇ ಪುಸ್ತಕಕ್ಕೆ ಇಪಬ್3, ಹಳೆಯ ರೀಡರ್‌ಗಳ ಇಪಬ್, ಚಿತ್ರವಿಲ್ಲದ ಇಪಬ್, ಕಿಂಡಲ್ ಎಂದು ಹಲವು ಕೊಂಡಿಗಳಿವೆ. ಇತ್ತೀಚಿನ ಸಾಧನಕ್ಕೂ ಸೆಂಡ್ ಟು ಕಿಂಡಲ್‌ಗೂ ಇಪಬ್3 ತೆಗೆದುಕೊಳ್ಳಿ. ಸ್ಟ್ಯಾಂಡರ್ಡ್ ಇಬುಕ್ಸ್‌ನಲ್ಲಿ ಕಂಪ್ಯಾಟಿಬಲ್ ಇಪಬ್, ಎಝಡ್‌ಡಬ್ಲ್ಯು3 (ಕಿಂಡಲ್‌ಗೆ), ಕೆಪಬ್ (ಕೋಬೊಗೆ), ಅಡ್ವಾನ್ಸ್ಡ್ ಇಪಬ್ ಎಂಬ ನಾಲ್ಕು ರೂಪಗಳು. 'ಅಡ್ವಾನ್ಸ್ಡ್' ಎಂಬ ಹೆಸರು ನೋಡಿ ಅದೇ ಉತ್ತಮವೆಂದು ಇಳಿಸಬೇಡಿ, ಬಹಳಷ್ಟು ರೀಡರ್‌ಗಳಿಗೆ ಅದು ಅರಗುವುದಿಲ್ಲ. ವಿಕಿಸೋರ್ಸ್‌ನ ಡೌನ್‌ಲೋಡ್ ಗುಂಡಿ ಇಡೀ ಪುಸ್ತಕವನ್ನು ಅಲ್ಲೇ ಇಪಬ್ ಆಗಿ ಕಟ್ಟಿಕೊಡುತ್ತದೆ, ಕನ್ನಡ ವಿಕಿಸೋರ್ಸ್‌ನ ಕೃತಿಗಳಿಗೂ ಈ ಸೌಲಭ್ಯವಿದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿನ ಎಷ್ಟೋ ಇಪಬ್‌ಗಳು ಸ್ಕ್ಯಾನ್ ಚಿತ್ರದಿಂದ ಯಂತ್ರವೇ ಅಕ್ಷರ ಓದಿ ಮಾಡಿದವು. ಸಾಲುಗಳು ಮುರಿದಿರುತ್ತವೆ, ಅಕ್ಷರಗಳು ಅದಲುಬದಲಾಗಿರುತ್ತವೆ. ಸಾಗಿಸುವ ಮುನ್ನ ಮಧ್ಯದ ಎರಡು ಪುಟ ತೆರೆದು ಓದಿನೋಡಿ.

ಕಿಂಡಲ್: ಗಾಳಿಯಲ್ಲೋ, ಕೇಬಲ್‌ನಲ್ಲೋ?

ಇಪಬ್ ಕಡತವನ್ನು ಕೇಬಲ್ ಮೂಲಕ ಕಿಂಡಲ್‌ಗೆ ಹಾಕಿದರೆ ಅದು ಕಾಣುವುದೇ ಇಲ್ಲ. ಅದೇ ಕಡತವನ್ನು ಸೆಂಡ್ ಟು ಕಿಂಡಲ್ ಮೂಲಕ ಕಳಿಸಿದರೆ ಚೆನ್ನಾಗಿ ತೆರೆಯುತ್ತದೆ. ಹೊಸಬರಿಗೆ ಅತಿ ಹೆಚ್ಚು ಗೊಂದಲ ತರುವ ಸಂಗತಿ ಇದೇ. ಕಾರಣ ಸರಳ: ಕಿಂಡಲ್ ಸಾಧನ ಇಪಬ್ ಓದುವುದಿಲ್ಲ. ಸೆಂಡ್ ಟು ಕಿಂಡಲ್‌ನಲ್ಲಿ ಕಡತ ಮೊದಲು ಅಮೆಜಾನ್‌ನ ಸರ್ವರ್‌ಗೆ ಹೋಗಿ, ಅಲ್ಲಿ ಕಿಂಡಲ್ ರೂಪಕ್ಕೆ ತಿರುಗಿ, ಆಮೇಲೆ ಸಾಧನಕ್ಕೆ ಇಳಿಯುತ್ತದೆ. ಕೇಬಲ್‌ನಲ್ಲಿ ಆ ಪರಿವರ್ತನೆ ಮಾಡುವವರಿಲ್ಲ, ಅದನ್ನು ನೀವೇ ಮಾಡಿ ಎಝಡ್‌ಡಬ್ಲ್ಯು3 ರೂಪದಲ್ಲಿ ಹಾಕಬೇಕು.

ಸೆಂಡ್ ಟು ಕಿಂಡಲ್‌ಗೆ ಮೂರು ಬಾಗಿಲು: ವೆಬ್ ಪುಟ, ಆ್ಯಪ್, ಇಮೇಲ್. ವೆಬ್ ಪುಟದಲ್ಲಿ ಒಂದು ಕಡತ 200 ಎಂಬಿ ತನಕ ಇರಬಹುದು. ಇಮೇಲ್‌ನಲ್ಲಿ 50 ಎಂಬಿ ಮಿತಿ, ಒಂದು ಪತ್ರಕ್ಕೆ 25 ಲಗತ್ತುಗಳ ತನಕ. ಫೋನ್‌ನಲ್ಲಾದರೆ ಕಡತದ ಶೇರ್ ಗುಂಡಿ ಒತ್ತಿ ಕಿಂಡಲ್ ಆ್ಯಪ್ ಆರಿಸಿದರೆ ಸಾಕು. ಇಮೇಲ್ ಬಾಗಿಲಿಗೆ ಒಂದು ಕಾವಲಿದೆ: ನೀವು ಕಳಿಸುವ ಇಮೇಲ್ ವಿಳಾಸ ನಿಮ್ಮ ಖಾತೆಯ ಅನುಮೋದಿತ ಪಟ್ಟಿಯಲ್ಲಿರಬೇಕು. ಖಾತೆಯ 'ಮ್ಯಾನೇಜ್ ಯುವರ್ ಕಂಟೆಂಟ್ ಆ್ಯಂಡ್ ಡಿವೈಸಸ್' ಪುಟ, ಅದರಲ್ಲಿ ಪ್ರಿಫರೆನ್ಸಸ್, ಅದರಲ್ಲಿ ಪರ್ಸನಲ್ ಡಾಕ್ಯುಮೆಂಟ್ ಸೆಟ್ಟಿಂಗ್ಸ್. ಸಾಧನದ ಕಿಂಡಲ್ ಇಮೇಲ್ ವಿಳಾಸವೂ ಅಲ್ಲೇ ಸಿಗುತ್ತದೆ. ಪುಸ್ತಕ ಬರಲಿಲ್ಲವೆಂದರೆ ಮೊದಲು ಈ ಪಟ್ಟಿಯಲ್ಲಿ ಅಕ್ಷರ ತಪ್ಪಿದೆಯೇ ನೋಡಿ, ಆಮೇಲೆ ಸಾಧನ ವೈಫೈನಲ್ಲಿದೆಯೇ ನೋಡಿ.

ಈ ದಾರಿಯ ದೊಡ್ಡ ಲಾಭ ಸಿಂಕ್. ರೀಡರ್‌ನಲ್ಲಿ ಬಿಟ್ಟ ಪುಟ ಫೋನ್‌ನಲ್ಲಿ ತೆರೆದುಕೊಳ್ಳುತ್ತದೆ, ಗುರುತು ಹಾಕಿದ ಸಾಲುಗಳೂ ಜೊತೆಗೆ ಬರುತ್ತವೆ. ಕೇಬಲ್‌ನಲ್ಲಿ ಹಾಕಿದ ಪುಸ್ತಕಕ್ಕೆ ಇದಿಲ್ಲ. ಅದು ಆ ಸಾಧನದಲ್ಲೇ ಇರುತ್ತದೆ, ಸಾಧನ ಕೆಟ್ಟರೆ ಟಿಪ್ಪಣಿಗಳೂ ಹೋದವು. ನಷ್ಟವೂ ಇದೆ. ಪರಿವರ್ತನೆ ನಿಮ್ಮ ಹಿಡಿತದಲ್ಲಿಲ್ಲ, ಮತ್ತು ಕಳಿಸಿದ ಇಪಬ್ ಅಲ್ಲಿಂದ ಇಪಬ್ ಆಗಿ ಮರಳಿ ಸಿಗುವುದಿಲ್ಲ. ಕ್ಲೌಡ್‌ನಲ್ಲಿದೆಯಲ್ಲ ಎಂದು ಮೂಲ ಕಡತವನ್ನು ಅಳಿಸುವವರಿದ್ದಾರೆ. ದಯವಿಟ್ಟು ಅಳಿಸಬೇಡಿ, ಮುಂದೆ ಬೇರೆ ಕಂಪನಿಯ ರೀಡರ್ ಕೊಂಡ ದಿನ ಆ ಇಪಬ್ ಒಂದೇ ಉಪಯೋಗಕ್ಕೆ ಬರುವುದು.

ಸೆಂಡ್ ಟು ಕಿಂಡಲ್ ಕಡತವನ್ನು ತಿರಸ್ಕರಿಸಿ 'ಇ999' ಎಂಬ ದೋಷ ತೋರಿಸಿದರೆ, ಬಹುತೇಕ ಇಪಬ್‌ನ ಒಳಗಿನ ರಚನೆಯಲ್ಲಿ ತೊಡಕಿದೆ ಎಂದರ್ಥ. ಸಾಮಾನ್ಯ ಕಾರಣಗಳು ಹೀಗಿವೆ: ಪರಿವಿಡಿಯ ಕೊಂಡಿ ಇಲ್ಲದ ಜಾಗಕ್ಕೆ ಕೈತೋರಿಸುತ್ತಿರುತ್ತದೆ, ಭಾಷೆಯ ಸಂಕೇತ ಖಾಲಿ ಇರುತ್ತದೆ ಅಥವಾ ತಪ್ಪಿರುತ್ತದೆ, ಚಿತ್ರದ ಟ್ಯಾಗ್ ಇದ್ದು ಚಿತ್ರವೇ ಇರುವುದಿಲ್ಲ. ಇಪಬ್ ಅನ್ನು ಕ್ಯಾಲಿಬರ್‌ನಲ್ಲಿ ಮತ್ತೆ ಇಪಬ್‌ಗೇ ಪರಿವರ್ತಿಸಿ ಕಳಿಸಿ ನೋಡಿ. ಇಪಬ್‌ನಿಂದ ಇಪಬ್‌ಗೆ ಯಾಕೆ ಎನ್ನಿಸಬಹುದು. ಪರಿವರ್ತಿಸುವಾಗ ಕ್ಯಾಲಿಬರ್ ಒಳಗಿನ ಕಡತಗಳನ್ನು ಹೊಸದಾಗಿ ಬರೆಯುತ್ತದೆ, ಅಲ್ಲಿ ಬಹಳಷ್ಟು ತೊಡಕು ಬಿಡುತ್ತದೆ. ಇನ್ನೊಂದು ತೊಂದರೆ ದೋಷ ತೋರಿಸದೆಯೇ ಬರುತ್ತದೆ: ಪುಸ್ತಕ ತಲುಪುತ್ತದೆ, ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲು. ಒಳಗಿನ ಕಡತಗಳಲ್ಲಿ ಅಕ್ಷರಗಳ ಸಂಕೇತ ಯುಟಿಎಫ್-8 ಎಂಬ ಘೋಷಣೆ ಇಲ್ಲದಿದ್ದರೆ ಅಕ್ಷರಗಳನ್ನು ಬೇರೆ ಸಂಕೇತದಂತೆ ಓದುವುದರಿಂದ ಹೀಗಾಗುತ್ತದೆ. ಇದಕ್ಕೂ ಮದ್ದು ಅದೇ ಇಪಬ್-ಇಪಬ್ ಪರಿವರ್ತನೆ. ಕ್ಯಾಲಿಬರ್ ಆ ಘೋಷಣೆಯನ್ನು ತಾನೇ ಸೇರಿಸುತ್ತದೆ.

ಇನ್ನು ಕೇಬಲ್. ಹಳೆಯ ಕಿಂಡಲ್‌ಗಳು ಕಂಪ್ಯೂಟರಿಗೆ ಪೆನ್‌ಡ್ರೈವ್‌ನಂತೆ ಕಾಣುತ್ತವೆ. 2024ರಲ್ಲಿ ಬಂದ ಮಾದರಿಗಳು ಎಂಟಿಪಿ ಎಂಬ ಬೇರೆ ಕ್ರಮ ಬಳಸುತ್ತವೆ, ಆಂಡ್ರಾಯ್ಡ್ ಫೋನ್‌ಗಳು ಬಳಸುವುದೂ ಅದನ್ನೇ. ವಿಂಡೋಸ್‌ನಲ್ಲಿ ಡ್ರೈವ್ ಅಕ್ಷರವಿಲ್ಲದೆ ಸಾಧನದ ಹೆಸರಾಗಿ ಕಾಣುತ್ತದೆ, ಅಷ್ಟೇ ವ್ಯತ್ಯಾಸ. ಮ್ಯಾಕ್‌ನ ಫೈಂಡರ್‌ನಲ್ಲಿ ಏನೂ ಕಾಣುವುದಿಲ್ಲ, ಸಾಧನ ಕೆಟ್ಟಿದೆ ಎಂದುಕೊಳ್ಳಬೇಡಿ. ಅಮೆಜಾನ್‌ನ ಯುಎಸ್‌ಬಿ ಫೈಲ್ ಮ್ಯಾನೇಜರ್, ಓಪನ್‌ಎಂಟಿಪಿ ಅಥವಾ ಕ್ಯಾಲಿಬರ್ ಬಳಸಿ. ಎಂಟಿಪಿಯಲ್ಲಿ ಒಮ್ಮೆಗೆ ಒಂದೇ ತಂತ್ರಾಂಶ ಸಾಧನವನ್ನು ಹಿಡಿಯಬಲ್ಲದು; ಒಂದು ತೆರೆದಿದ್ದರೆ ಇನ್ನೊಂದಕ್ಕೆ ಕಾಣದು. ಪುಸ್ತಕಗಳನ್ನು 'ಡಾಕ್ಯುಮೆಂಟ್ಸ್' ಫೋಲ್ಡರ್‌ಗೆ ಹಾಕಬೇಕು.

ಕೇಬಲ್‌ನಲ್ಲಿ ಹಾಕುವಾಗ ಕಿಂಡಲ್‌ನ ಹಳೆಯ ರೂಪವಾದ ಮೊಬಿ ಬೇಡ, ಎಝಡ್‌ಡಬ್ಲ್ಯು3 ಇರಲಿ. ಹಳೆಯ ಮೊಬಿಯಲ್ಲಿ ಪುಸ್ತಕದೊಳಗೆ ಫಾಂಟ್ ಇಡಲು ಆಗುವುದಿಲ್ಲ, ವಿನ್ಯಾಸವೂ ಸಪಾಟಾಗುತ್ತದೆ. ಸೆಂಡ್ ಟು ಕಿಂಡಲ್ ಕೂಡ ಈಗ ಮೊಬಿ ಸ್ವೀಕರಿಸುವುದಿಲ್ಲ. ಕೇಬಲ್‌ನಲ್ಲಿ ಹಾಕಿದ ಪುಸ್ತಕದ ಮುಖಪುಟ, ವೈಫೈ ಆನ್ ಮಾಡಿದ ಮೇಲೆ ಮಾಯವಾಗಿ ಬೂದು ಚೌಕ ಉಳಿಯುವುದುಂಟು. ಸಾಧನ ಅದನ್ನು ಅಂಗಡಿಯ ಪುಸ್ತಕವೆಂದು ತಿಳಿದು ಅಲ್ಲಿ ಮುಖಪುಟ ಹುಡುಕುತ್ತದೆ, ಸಿಗದೆ ಖಾಲಿ ಬಿಡುತ್ತದೆ. ಇನ್ನೊಮ್ಮೆ ಕ್ಯಾಲಿಬರ್‌ಗೆ ಜೋಡಿಸಿದರೆ ಅದು ಮುಖಪುಟಗಳನ್ನು ಮರಳಿ ಹಾಕುತ್ತದೆ.

ನಮ್ಮ ಆಯ್ಕೆ: ಓದಿ ಮುಗಿಸಿ ಮುಂದಕ್ಕೆ ಹೋಗುವ ಪುಸ್ತಕಕ್ಕೆ ಸೆಂಡ್ ಟು ಕಿಂಡಲ್, ಫಾಂಟ್ ಮತ್ತು ವಿನ್ಯಾಸ ಕೆಡಬಾರದ ಪುಸ್ತಕಕ್ಕೆ ಎಝಡ್‌ಡಬ್ಲ್ಯು3 ಮತ್ತು ಕೇಬಲ್.

ಕೋಬೊ, ಪಾಕೆಟ್‌ಬುಕ್, ಬೂಕ್ಸ್

ಕೋಬೊದಲ್ಲಿ ಕೇಬಲ್ ಸಲೀಸು. ಜೋಡಿಸಿದಾಗ ಪರದೆಯ ಮೇಲೆ ಬರುವ 'ಕನೆಕ್ಟ್' ಒತ್ತಿ, ಇಪಬ್ ಎಳೆದು ಹಾಕಿ, ಇಜೆಕ್ಟ್ ಮಾಡಿ. ಒತ್ತದಿದ್ದರೆ ಚಾರ್ಜ್ ಮಾತ್ರ ಆಗುತ್ತದೆ.

ಇಲ್ಲಿ ಆಯ್ಕೆ ಇರುವುದು ಇಪಬ್‌ಗೂ ಕೆಪಬ್‌ಗೂ ನಡುವೆ. ಕೋಬೊದೊಳಗೆ ಎರಡು ಓದುಯಂತ್ರಗಳಿವೆ: ಸಾದಾ ಇಪಬ್ ಅಡೋಬಿಯದರಲ್ಲಿ ತೆರೆಯುತ್ತದೆ, ಕೆಪಬ್ ಕೋಬೊದ್ದೇ ಯಂತ್ರದಲ್ಲಿ. ಕೆಪಬ್‌ನಲ್ಲಿ ಪುಟ ಬೇಗ ತಿರುಗುತ್ತದೆ, ಅಧ್ಯಾಯ ಮುಗಿಯಲು ಎಷ್ಟು ಹೊತ್ತು ಬೇಕೆಂಬ ಅಂದಾಜು ಸಿಗುತ್ತದೆ. ಪರಿವರ್ತಿಸಲು ಕೆಪಬಿಫೈ ಎಂಬ ಪುಟ್ಟ ತಂತ್ರಾಂಶವಿದೆ. ಕ್ಯಾಲಿಬರ್‌ನ 8ನೇ ಆವೃತ್ತಿಯಿಂದ ಅದರಲ್ಲೇ ಈ ಸೌಲಭ್ಯ ಸೇರಿದೆ. ಕಡತದ ಹೆಸರು 'ಡಾಟ್ ಕೆಪಬ್ ಡಾಟ್ ಇಪಬ್' ಎಂದು ಮುಗಿಯಬೇಕು. ಕೊನೆಯ ತುಂಡು ಬಿಟ್ಟು ಬರೀ ಕೆಪಬ್ ಎಂದಿಟ್ಟರೆ ಕೋಬೊ ಗುರುತಿಸುವುದಿಲ್ಲ. ಅಡೋಬಿ ಬೀಗದ ಇಪಬ್‌ಗೆ ಈ ಹೆಸರು ಬದಲಾವಣೆ ಮಾಡಬೇಡಿ, ತೆರೆಯುವುದಿಲ್ಲ.

ಮ್ಯಾಕ್‌ನಿಂದ ನಕಲಿಸಿದರೆ ಕೋಬೊದಲ್ಲಿ ಒಂದೊಂದು ಪುಸ್ತಕಕ್ಕೂ ಜೋಡಿಯಾಗಿ ತೆರೆಯದ ಇನ್ನೊಂದು ಪುಸ್ತಕ ಕಾಣಿಸಬಹುದು. ಮ್ಯಾಕ್ ತನ್ನ ಲೆಕ್ಕಕ್ಕೆಂದು ಬರೆದಿಡುವ, ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗುವ ಗುಪ್ತ ಕಡತಗಳವು, ಅಳಿಸಿದರೆ ಸರಿ. ಇಜೆಕ್ಟ್ ಮಾಡದೆ ಕೇಬಲ್ ಕೀಳುವುದು ಕೋಬೊದಲ್ಲಿ ಹೆಚ್ಚು ದುಬಾರಿ. ನಿಮ್ಮ ಸಂಗ್ರಹ, ಓದಿದ ಪುಟ, ಟಿಪ್ಪಣಿ ಎಲ್ಲವೂ ಗುಪ್ತ ಫೋಲ್ಡರ್‌ನ ಒಂದೇ ಡೇಟಾಬೇಸ್ ಕಡತದಲ್ಲಿರುತ್ತವೆ. ಬರೆಯುತ್ತಿರುವಾಗ ಕೇಬಲ್ ಕಿತ್ತರೆ ಆ ಕಡತ ಕೆಡಬಹುದು.

ಪಾಕೆಟ್‌ಬುಕ್ ಹಲವು ರೂಪಗಳನ್ನು ನೇರವಾಗಿ ಓದುತ್ತದೆ: ಇಪಬ್, ಎಫ್‌ಬಿ2, ಮೊಬಿ, ಡೇಜಾವು, ಸಿಬಿಝಡ್. ಪರಿವರ್ತನೆ ಬೇಡದವರಿಗೆ ಇದು ಹಿತ. ಬೂಕ್ಸ್ ಆಂಡ್ರಾಯ್ಡ್ ಸಾಧನವಾದ್ದರಿಂದ ಕ್ಲೌಡ್ ಆ್ಯಪ್‌ನಿಂದ ನೇರ ಇಳಿಸಿಕೊಳ್ಳಬಹುದು; ಬೂಕ್ಸ್‌ಡ್ರಾಪ್ ಎಂಬುದನ್ನು ಆನ್ ಮಾಡಿದರೆ ಅದೇ ವೈಫೈನಲ್ಲಿರುವ ಕಂಪ್ಯೂಟರಿನ ಬ್ರೌಸರ್‌ನಿಂದ ಕಡತ ಎಸೆಯಬಹುದು. ಬೀಗದ ಪುಸ್ತಕಗಳಿಗೂ ಇಲ್ಲಿ ದಾರಿ ಸುಲಭ, ಆಪಲ್ ಬಿಟ್ಟು ಯಾವ ಅಂಗಡಿಯೋ ಅದರದೇ ಆ್ಯಪ್ ಹಾಕಿಕೊಂಡರಾಯಿತು.

ಎಸಿಎಸ್‌ಎಂ ಚೀಟಿಯನ್ನು ಪುಸ್ತಕ ಮಾಡುವುದು

ಕಂಪ್ಯೂಟರಿನಲ್ಲಿ ಅಡೋಬಿ ಡಿಜಿಟಲ್ ಎಡಿಷನ್ಸ್ ಹಾಕಿಕೊಳ್ಳಿ. ಮೊದಲ ಕೆಲಸ ಹೆಲ್ಪ್ ಮೆನುವಿನಲ್ಲಿ ಕಂಪ್ಯೂಟರನ್ನು ಆಥರೈಸ್ ಮಾಡುವುದು. ಅಲ್ಲಿ ಐಡಿ ಇಲ್ಲದೆ ಮುಂದುವರಿಯುವ ಆಯ್ಕೆಯೂ ಇದೆ, ಅದನ್ನು ಒತ್ತಬೇಡಿ. ಹಾಗೆ ಮಾಡಿದರೆ ಇಳಿಸಿದ ಪುಸ್ತಕಗಳು ಆ ಕಂಪ್ಯೂಟರಿಗೇ ಅಂಟಿಕೊಳ್ಳುತ್ತವೆ, ಆಮೇಲೆ ಬಿಡಿಸುವುದು ಕಷ್ಟ. ಅಡೋಬಿ ಐಡಿ ಮಾಡಿಕೊಂಡು, ಅಂಗಡಿಗಾಗಲಿ ಗ್ರಂಥಾಲಯಕ್ಕಾಗಲಿ ಎಲ್ಲ ಕಡೆ ಅದೊಂದನ್ನೇ ಬಳಸಿ. ಒಂದು ಐಡಿಯಲ್ಲಿ ಆರು ಕಂಪ್ಯೂಟರ್, ಆರು ಸಾಧನಗಳ ತನಕ ಅವಕಾಶ.

ಎಸಿಎಸ್‌ಎಂ ಕಡತವನ್ನು ಅದರಲ್ಲಿ ತೆರೆದಾಗ ನಿಜವಾದ ಇಪಬ್ ಇಳಿಯುತ್ತದೆ. ರೀಡರ್ ಜೋಡಿಸಿ, ಎಡಬದಿಯಲ್ಲಿ ಸಾಧನದ ಹೆಸರು ಬಂದಾಗ ಪುಸ್ತಕವನ್ನು ಅದರ ಮೇಲೆ ಎಳೆದು ಬಿಡಿ. ಸಾಮಾನ್ಯ ಫೈಲ್ ಎಕ್ಸ್‌ಪ್ಲೋರರ್‌ನಿಂದ ನಕಲಿಸಿದರೆ ಸಾಧನ ಆಥರೈಸ್ ಆಗದೆ ಪುಸ್ತಕ ತೆರೆಯದೆ ಉಳಿಯಬಹುದು. 'ಬೇರೆ ಬಳಕೆದಾರರು ಈಗಾಗಲೇ ಪಡೆದಿದ್ದಾರೆ' ಎಂಬ ಅರ್ಥದ ದೋಷ ಬಂದರೆ, ಅದೇ ಚೀಟಿಯನ್ನು ಬೇರೆ ಐಡಿಯಲ್ಲಿ ಒಮ್ಮೆ ತೆರೆಯಲಾಗಿದೆ. ಚೀಟಿ ಕೊಟ್ಟ ಅಂಗಡಿಯನ್ನೋ ಗ್ರಂಥಾಲಯವನ್ನೋ ಕೇಳುವುದೇ ಪರಿಹಾರ.

ಪಾಕೆಟ್‌ಬುಕ್‌ನಲ್ಲಿ ಕಂಪ್ಯೂಟರಿನ ಈ ಸುತ್ತು ಬೇಕಿಲ್ಲ. ಸಾಧನದ ಸೆಟ್ಟಿಂಗ್ಸ್‌ನಲ್ಲೇ ಅಡೋಬಿ ಐಡಿ ಹಾಕಿ, ವೈಫೈ ಆನ್ ಮಾಡಿ ಚೀಟಿಯನ್ನು ತೆರೆದರೆ ಅದೇ ಪುಸ್ತಕ ತರಿಸಿಕೊಳ್ಳುತ್ತದೆ. ಗ್ರಂಥಾಲಯದ ಎರವಲು ಓವರ್‌ಡ್ರೈವ್ ಎಂಬ ಇ-ಪುಸ್ತಕ ಎರವಲು ಸೇವೆಯ ಮೂಲಕ ಬರುವುದಾದರೆ ಕೋಬೊದ ಹಲವು ಮಾದರಿಗಳಲ್ಲಿ ಓವರ್‌ಡ್ರೈವ್ ಒಳಗೇ ಇದೆ, ಚೀಟಿಯ ರಗಳೆಯೇ ಇಲ್ಲ. ಗ್ರಂಥಾಲಯವೇ ನಿಮ್ಮ ಮುಖ್ಯ ಮೂಲವಾದರೆ ಸಾಧನ ಕೊಳ್ಳುವಾಗಲೇ ಇದನ್ನು ಗಮನಿಸಿ.

ಕ್ಯಾಲಿಬರ್ ಯಾಕೆ ಬೇಕು

2006ರಲ್ಲಿ ಕೋವಿದ್ ಗೋಯಲ್ ತಮ್ಮ ಸೋನಿ ರೀಡರ್‌ಗಾಗಿ ಶುರುಮಾಡಿದ ಈ ಉಚಿತ ತಂತ್ರಾಂಶ ಈಗ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಸಾಗಿಸುವುದು ಅದರ ಒಂದು ಕೆಲಸ ಮಾತ್ರ. ಅಪ್ಪಟ ಉಪಯೋಗ ಇರುವುದು ಪುಸ್ತಕದ ವಿವರ ತಿದ್ದುವುದರಲ್ಲಿ. ಲೇಖಕರ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಮೊದಲಕ್ಷರಗಳಲ್ಲಿ ಇದ್ದರೆ ರೀಡರ್ ಅವರನ್ನು ಇಬ್ಬರು ಎಂದೇ ಎಣಿಸುತ್ತದೆ. ಸರಣಿಯ ಕ್ರಮ, ಮುಖಪುಟ, ಭಾಷೆ ಎಲ್ಲವನ್ನೂ ಸಾಗಿಸುವ ಮುನ್ನ ಇಲ್ಲೇ ಸರಿಮಾಡಿಕೊಳ್ಳಿ, ಸಾಧನದಲ್ಲಿ ಆಮೇಲೆ ತಿದ್ದುವುದು ಬೇಸರದ ಕೆಲಸ.

ಕ್ರಮ ಹೀಗೆ: ಆ್ಯಡ್ ಬುಕ್ಸ್ ಒತ್ತಿ ಇಪಬ್ ಸೇರಿಸಿ. ಎಡಿಟ್ ಮೆಟಾಡೇಟಾದಲ್ಲಿ ವಿವರ ನೋಡಿ. ರೀಡರ್ ಜೋಡಿಸಿ, ಮೇಲಿನ ಪಟ್ಟಿಯಲ್ಲಿ 'ಸೆಂಡ್ ಟು ಡಿವೈಸ್' ಮೂಡುವ ತನಕ ಕಾಯಿರಿ. ಒತ್ತಿದರೆ ಸಾಧನಕ್ಕೆ ಬೇಕಾದ ರೂಪ ಇಲ್ಲದಿದ್ದಲ್ಲಿ ಪರಿವರ್ತಿಸಲೇ ಎಂದು ಅದೇ ಕೇಳುತ್ತದೆ. ಕೆಳಗಿನ ಜಾಬ್ಸ್ ಎಣಿಕೆ ಸೊನ್ನೆಗೆ ಬಂದ ಮೇಲೆ ಇಜೆಕ್ಟ್. ಕ್ಯಾಲಿಬರ್ ತನ್ನದೇ ಫೋಲ್ಡರ್‌ನಲ್ಲಿ ಪ್ರತಿ ಇಟ್ಟುಕೊಳ್ಳುತ್ತದೆ. ಆ ಫೋಲ್ಡರ್ ಒಳಗೆ ಕೈಯಿಂದ ಹೆಸರು ಬದಲಿಸಿದರೆ, ಜಾಗ ಬದಲಿಸಿದರೆ ಅದರ ಲೆಕ್ಕ ತಪ್ಪುತ್ತದೆ. ಬ್ಯಾಕಪ್ ಬೇಕಾದರೆ ಇಡೀ ಫೋಲ್ಡರನ್ನು ಹಾಗೆಯೇ ನಕಲಿಸಿ.

ನೀವೇ ಬರೆದ ವರ್ಡ್ ಕಡತವಾದರೆ ಡಾಕ್ಸ್ ರೂಪದಲ್ಲಿ ಉಳಿಸಿ. ಹಳೆಯ ಡಾಕ್ ಕ್ಯಾಲಿಬರ್‌ಗೆ ಆಗದು. ಅಧ್ಯಾಯದ ತಲೆಬರಹಗಳಿಗೆ ಹೆಡಿಂಗ್ 1 ಶೈಲಿ ಕೊಟ್ಟಿದ್ದರೆ ಪರಿವಿಡಿ ತಾನಾಗಿ ಮೂಡುತ್ತದೆ. ಅಕ್ಷರ ದಪ್ಪ ಮಾಡಿ, ಗಾತ್ರ ಹೆಚ್ಚಿಸಿ ಬರೆದ ತಲೆಬರಹವನ್ನು ಅದು ತಲೆಬರಹವೆಂದು ತಿಳಿಯದು.

ಕೇಬಲ್ ಬೇಡ, ಕ್ಲೌಡೂ ಬೇಡ ಎನ್ನುವವರಿಗೆ ಕ್ಯಾಲಿಬರ್‌ನ ಕಂಟೆಂಟ್ ಸರ್ವರ್ ಇದೆ. ಕನೆಕ್ಟ್/ಶೇರ್ ಗುಂಡಿಯಲ್ಲಿ ಶುರುಮಾಡಿದರೆ ಕಂಪ್ಯೂಟರಿನ ಐಪಿ ವಿಳಾಸ, 8080 ಪೋರ್ಟ್‌ನಲ್ಲಿ ನಿಮ್ಮ ಸಂಗ್ರಹ ತೆರೆದುಕೊಳ್ಳುತ್ತದೆ. ಕೋಬೊದ ಬ್ರೌಸರ್‌ನಿಂದ, ಬೂಕ್ಸ್‌ನಿಂದ, ಅಥವಾ ಕೆಓರೀಡರ್ ಎಂಬ ಉಚಿತ ಓದುವ ತಂತ್ರಾಂಶ ಹಾಕಿಕೊಂಡಿದ್ದರೆ ಅದರ ಓಪಿಡಿಎಸ್ ಕ್ಯಾಟಲಾಗ್‌ನಿಂದ (ಜಾಲದ ಮೂಲಕ ಸಿಗುವ ಪುಸ್ತಕ ಪಟ್ಟಿಯಿಂದ) ಪುಸ್ತಕ ಇಳಿಸಿಕೊಳ್ಳಬಹುದು. ವಿಳಾಸ ತೆರೆಯದಿದ್ದರೆ ಕಾರಣ ಬಹುಮಟ್ಟಿಗೆ ಎರಡೇ: ಕಂಪ್ಯೂಟರಿನ ಫೈರ್‌ವಾಲ್ ತಡೆದಿದೆ, ಇಲ್ಲವೇ ಎರಡರಲ್ಲಿ ಒಂದು ಗೆಸ್ಟ್ ವೈಫೈನಲ್ಲಿದೆ.

ಪಿಡಿಎಫ್: ಅಳತೆ ಹಾಕಿ ನಿರ್ಧರಿಸಿ

ಪಿಡಿಎಫ್ ಯಾವ ದಾರಿಯಲ್ಲಿ ಹೋದರೂ ಸುಲಭವಾಗಿ ಹೋಗುತ್ತದೆ. ಓದಲಾಗುತ್ತದೆಯೇ ಎಂಬುದೇ ಪ್ರಶ್ನೆ. ಎ4 ಹಾಳೆಯ ಅಗಲ 210 ಮಿಲಿಮೀಟರ್. 6 ಇಂಚಿನ ಪರದೆಯ ಅಗಲ ಸುಮಾರು 91, ಎತ್ತರ ಸುಮಾರು 122. ಪೂರ್ತಿ ಪುಟ ಕೂರಿಸಿದರೆ 11 ಪಾಯಿಂಟ್ ಅಕ್ಷರ 5 ಪಾಯಿಂಟ್‌ಗಿಂತ ಚಿಕ್ಕದಾಗುತ್ತದೆ. ಒತ್ತಕ್ಷರಗಳಿರುವ ಕನ್ನಡವನ್ನು ಆ ಗಾತ್ರದಲ್ಲಿ ಓದಲಾಗದು. ಅಂಚು ಕತ್ತರಿಸಿ ಬರಹದ ಭಾಗವನ್ನು 160 ಮಿಲಿಮೀಟರ್‌ಗೆ ಇಳಿಸಿ, ಸಾಧನವನ್ನು ಅಡ್ಡ ತಿರುಗಿಸಿದರೆ 8 ಪಾಯಿಂಟ್ ದಾಟುತ್ತದೆ, ಒಂದು ಪುಟವನ್ನು ಎರಡು ಮೂರು ತುಂಡಾಗಿ ಓದಬಹುದು. 10.3 ಇಂಚಿನ ಪರದೆಯಲ್ಲಾದರೆ ಅಗಲ 157. ಅಂಚು ತೆಗೆದ ಪುಟ ಹೆಚ್ಚುಕಡಿಮೆ ಮೂಲ ಗಾತ್ರದಲ್ಲೇ ಕೂರುತ್ತದೆ. ಪಿಡಿಎಫ್‌ಗಳೇ ಹೆಚ್ಚು ಓದುವವರು 6 ಇಂಚಿನ ಸಾಧನ ಕೊಳ್ಳಬಾರದು ಎಂದು ನಾವು ಖಚಿತವಾಗಿ ಹೇಳುತ್ತೇವೆ.

ಸಾಧನ ಈಗಾಗಲೇ ಕೈಯಲ್ಲಿದ್ದರೆ ಮೂರು ಆಯ್ಕೆ. ಒಂದು, ಕಿಂಡಲ್‌ಗೆ ಇಮೇಲ್ ಮಾಡುವಾಗ ವಿಷಯದ ಸಾಲಿನಲ್ಲಿ 'ಕನ್ವರ್ಟ್' ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದರೆ ಪಿಡಿಎಫ್ ಪರದೆಯ ಅಗಲಕ್ಕೆ ತಕ್ಕಂತೆ ಮರುಹರಿಯುವ ಪಠ್ಯವಾಗಿ ಬರುತ್ತದೆ. ಸಾದಾ ಗದ್ಯಕ್ಕೆ ಸಾಕು. ಎರಡು, ಕ್ಯಾಲಿಬರ್‌ನಲ್ಲಿ ಇಪಬ್ ಮಾಡುವುದು. ಇದರಲ್ಲಿ ಪುಟಸಂಖ್ಯೆ, ಮೇಲಿನ ಶೀರ್ಷಿಕೆ ಎಲ್ಲ ವಾಕ್ಯದ ನಡುವೆ ಬಂದು ಬೀಳುತ್ತವೆ, ಹುಡುಕಿ ಅಳಿಸುವ ತಾಳ್ಮೆ ಬೇಕು. ಮೂರು, ಕೆ2ಪಿಡಿಎಫ್‌ಆಪ್ಟ್. ಇದು ಅಕ್ಷರ ಓದಲು ಹೋಗದೆ ಪುಟದ ಚಿತ್ರವನ್ನೇ ಪದಪದವಾಗಿ ಕತ್ತರಿಸಿ ಚಿಕ್ಕ ಪರದೆಗೆ ಮತ್ತೆ ಜೋಡಿಸುತ್ತದೆ. ಸ್ಕ್ಯಾನ್ ಮಾಡಿದ ಪುಸ್ತಕಗಳಿಗೆ, ಅದರಲ್ಲೂ ಕನ್ನಡದವಕ್ಕೆ, ನಮಗೆ ಇದೇ ಮೆಚ್ಚು. ಕೆಓರೀಡರ್‌ನ ಒಳಗೂ ಇದು ಇದೆ.

ಚಿತ್ರಕಥೆಗಳ ಸಿಬಿಝಡ್ ಕಡತವನ್ನು ಕೋಬೊ, ಪಾಕೆಟ್‌ಬುಕ್ ನೇರ ತೆರೆಯುತ್ತವೆ. ಕಿಂಡಲ್‌ಗೆ ಕಿಂಡಲ್ ಕಾಮಿಕ್ ಕನ್ವರ್ಟರ್ ಬೇಕು. ಸಾಧನದ ಮಾದರಿ ಸರಿಯಾಗಿ ಆರಿಸಿದರೆ ಚಿತ್ರಗಳು ಪರದೆಯ ಅಳತೆಗೆ ಇಳಿದು ಕಡತವೂ ಹಗುರಾಗುತ್ತದೆ.

ಕನ್ನಡ ಪುಸ್ತಕಗಳಿಗೆ ಎರಡು ಪರೀಕ್ಷೆ

ಮೊದಲನೆಯದು ಮೂಲ ಕಡತಕ್ಕೆ. ಪಿಡಿಎಫ್‌ನ ಒಂದು ಪ್ಯಾರಾ ನಕಲಿಸಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಕನ್ನಡವೇ ಬಂದರೆ ಪರಿವರ್ತಿಸಬಹುದು. ಲ್ಯಾಟಿನ್ ಅಕ್ಷರಗಳ ಗೋಜಲು ಬಂದರೆ ಅದು 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಮಾಡಿದ್ದು. ಅಲ್ಲಿ ಕನ್ನಡ ಇರುವುದು ಅಕ್ಷರದ ಆಕಾರದಲ್ಲಿ ಮಾತ್ರ, ಒಳಗಿನ ಸಂಕೇತದಲ್ಲಿ ಅಲ್ಲ. ನೇರವಾಗಿ ಇಪಬ್ ಮಾಡಿದರೆ ಅದೇ ಗೋಜಲು ರೀಡರ್‌ಗೂ ಹೋಗುತ್ತದೆ. ಮೊದಲು ಆಸ್ಕಿ ಎಂದು ಕರೆಯುವ ಆ ಹಳೆಯ ಸಂಕೇತದಿಂದ ಯೂನಿಕೋಡ್‌ಗೆ ಪರಿವರ್ತಿಸಿ, ತಪ್ಪು ತಿದ್ದಿ, ಆಮೇಲೆ ಇಪಬ್. ಯೂನಿಕೋಡ್ ಫಾಂಟ್‌ನ ಪಿಡಿಎಫ್‌ನಲ್ಲೂ ಒತ್ತಕ್ಷರಗಳು ಹಿಂದುಮುಂದಾಗಿ ಬರುವುದುಂಟು, ಏಕೆಂದರೆ ಪಿಡಿಎಫ್ ನೆನಪಿಡುವುದು ಯಾವ ಆಕಾರವನ್ನು ಎಲ್ಲಿ ಬಿಡಿಸಬೇಕೆಂಬುದನ್ನು.

ಎರಡನೆಯದು ಸಾಧನಕ್ಕೆ. ಕಾರ್ಯ, ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಉತ್ಸಾಹ, ಸಾಫ್ಟ್‌ವೇರ್ ಎಂಬ ಪದಗಳಿರುವ ಒಂದು ಪುಟದ ಡಾಕ್ಸ್ ಮಾಡಿ, ನಿಮ್ಮ ಎಂದಿನ ದಾರಿಯಲ್ಲೇ ಸಾಗಿಸಿ. ಅರ್ಕಾವೊತ್ತು ಅಕ್ಷರದ ಬಲಕ್ಕೆ ಸರಿಯಾಗಿ ಕೂತಿದೆಯೇ, ಲಕ್ಷ್ಮಿ ಒಡೆದು ಬಿಡಿ ಅರ್ಧಾಕ್ಷರಗಳಾಗಿದೆಯೇ, ಸಾಫ್ಟ್‌ವೇರ್‌ನಲ್ಲಿ ಟ್ ಕೆಳಗೆ ವ ಒತ್ತಾಗಿ ಅಂಟಿದೆಯೇ ನೋಡಿ. ಖಾಲಿ ಚೌಕಗಳು ಕಂಡರೆ ಫಾಂಟ್ ಇಲ್ಲ. ನೋಟೋ ಸೆರಿಫ್ ಕನ್ನಡದಂತಹ ಫಾಂಟ್ ಕಡತವನ್ನು ಕಿಂಡಲ್‌ನಲ್ಲಾದರೆ 'ಫಾಂಟ್ಸ್' ಫೋಲ್ಡರ್‌ಗೆ ಹಾಕಿ, ಕೋಬೊದಲ್ಲಾದರೆ ಅದೇ ಹೆಸರಿನ ಫೋಲ್ಡರ್ ಮಾಡಿ ಹಾಕಿ. ಅಥವಾ ಕ್ಯಾಲಿಬರ್‌ನ ಪರಿವರ್ತನೆಯಲ್ಲಿ ಲುಕ್ ಆ್ಯಂಡ್ ಫೀಲ್, ಫಾಂಟ್ಸ್ ಕೆಳಗೆ ಫಾಂಟನ್ನು ಪುಸ್ತಕದೊಳಗೇ ಸೇರಿಸಿ. ಕಿಂಡಲ್‌ನಲ್ಲಿ ಓದುವಾಗ 'ಪಬ್ಲಿಷರ್ ಫಾಂಟ್' ಆರಿಸಿದರೆ ಮಾತ್ರ ಅದು ಬಳಕೆಗೆ ಬರುತ್ತದೆ.

ಫಾಂಟ್ ಇದ್ದೂ ಒತ್ತಕ್ಷರ ಒಡೆದರೆ ದೋಷ ಓದುಯಂತ್ರದ್ದು, ಎಷ್ಟು ಫಾಂಟ್ ಬದಲಿಸಿದರೂ ಸರಿಹೋಗದು. ಕೋಬೊದಲ್ಲಿ ಅದೇ ಪುಸ್ತಕವನ್ನು ಕೆಪಬ್ ಮಾಡಿ ನೋಡಿ. ಅದಕ್ಕೂ ಬಗ್ಗದಿದ್ದರೆ ಕೆಓರೀಡರ್: ಅಕ್ಷರ ಜೋಡಣೆಗೆ ಅದು ಹಾರ್ಫ್‌ಬಝ್ ಬಳಸುತ್ತದೆ, ಕರ್ನಿಂಗ್ ಸೆಟ್ಟಿಂಗ್ 'ಬೆಸ್ಟ್' ಎಂದಿಟ್ಟರೆ ಕನ್ನಡ ಸರಿಯಾಗಿ ಕೂರುತ್ತದೆ.

ಏನೂ ಆಗುತ್ತಿಲ್ಲ ಎಂದಾಗ

ಕೇಬಲ್ ಬದಲಿಸಿ. ಚಾರ್ಜ್‌ಗೆ ಮಾತ್ರ ಇರುವ ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ, ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯದು. ಯುಎಸ್‌ಬಿ ಹಬ್ ತೆಗೆದು ಕಂಪ್ಯೂಟರಿಗೆ ನೇರ ಜೋಡಿಸಿ. ಕಡತದ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ (?), ಓರೆಗೆರೆ (/), ನಕ್ಷತ್ರ (*), ವಿವರಣಾ ಚುಕ್ಕಿ (:) ಇದ್ದರೆ ತೆಗೆಯಿರಿ.

ಪುಸ್ತಕಗಳೆಲ್ಲ ಸಾಧನ ತಲುಪಿದವು, ಆದರೆ ಕಿಂಡಲ್ ನಿಧಾನವಾಯಿತು, ಬ್ಯಾಟರಿ ಒಂದೇ ದಿನಕ್ಕೆ ಇಳಿಯಿತು ಎಂದಾದರೆ ಅದು ಹೊಸ ಪುಸ್ತಕಗಳ ಪದಗಳನ್ನು ಹುಡುಕಾಟಕ್ಕಾಗಿ ಪಟ್ಟಿ ಮಾಡುತ್ತಿದೆ. 20–30ರ ಗುಂಪಾಗಿ ಹಾಕಿ, ಚಾರ್ಜರ್‌ಗೆ ಜೋಡಿಸಿ ರಾತ್ರಿಯಿಡೀ ಬಿಡಿ. ದಿನಗಟ್ಟಲೆ ಆದರೂ ನಿಲ್ಲದಿದ್ದರೆ ಯಾವುದೋ ಒಂದು ಕೆಟ್ಟ ಕಡತದಲ್ಲಿ ಸಿಕ್ಕಿಬಿದ್ದಿದೆ. ಅರ್ಥವಿಲ್ಲದ ಪದವೊಂದನ್ನು ಹುಡುಕಿ ನೋಡಿ. ಇನ್ನೂ ಪಟ್ಟಿಗೆ ಸೇರದ ಪುಸ್ತಕಗಳನ್ನು ಫಲಿತಾಂಶದಲ್ಲಿ ಬೇರೆಯಾಗಿ ತೋರಿಸುತ್ತದೆ. ಅಲ್ಲಿ ಉಳಿದೇ ಇರುವ ಪುಸ್ತಕವನ್ನು ಅಳಿಸಿ, ಸಾಧನ ಮರುಪ್ರಾರಂಭಿಸಿ, ಕ್ಯಾಲಿಬರ್‌ನಲ್ಲಿ ಮತ್ತೊಮ್ಮೆ ಪರಿವರ್ತಿಸಿ ಹಾಕಿ.